ಗುಂಭದೊಳಗಿನ ಮಾತು: ಟ್ರೇಲರ್ ಹಬ್ ಮತ್ತು ಬೇರಿಂಗ್ ಕೆಡುವ ಬಗೆ, ಕಾಯುವ ಬಗೆ

ಭಾರತ ಹುಣ್ಣಿಮೆ ಹತ್ತಿರ ಬಂತೆಂದರೆ ಧಾರವಾಡದಿಂದ ಹಳಿಯಾಳದ ಕಡೆ ಹೋಗುವ ದಾರಿಯಲ್ಲಿ ಎರಡು ಬಗೆಯ ಗಾಡಿಗಳು ಸಾಲುಗಟ್ಟುತ್ತವೆ. ಒಂದು, ಕೊಲ್ಲಾರಿ ಕಟ್ಟಿ ಸಿಂಗರಿಸಿದ ಚಕ್ಕಡಿ. ಇನ್ನೊಂದು, ತಾಡಪತ್ರಿ ಹೊದಿಸಿದ ಟ್ರ್ಯಾಕ್ಟರ್ ಟ್ರೇಲರ್. ಹೊರಟಿದ್ದು ಎರಡೂ ಉಳವಿಗೇ. ಚನ್ನಬಸವಣ್ಣನವರು ಐಕ್ಯರಾದ ಆ ಕ್ಷೇತ್ರ ಉತ್ತರ ಕನ್ನಡದ ಜೊಯಿಡಾ ತಾಲ್ಲೂಕಿನ ಕಾಡಿನ ನಡುವೆ, ಧಾರವಾಡದಿಂದ ನೂರು ಕಿಲೋಮೀಟರ್ ಆಸುಪಾಸಿನಲ್ಲಿದೆ. ಗಾಡಿಯೊಳಗೆ ರೊಟ್ಟಿ ಗಂಟು, ಚಟ್ನಿ ಡಬ್ಬಿ, ಹಾಸಿಗೆ, ಒಲೆ, ಎತ್ತಿಗೆ ಮೇವು. ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೋಗುವ ಗಾಡಿಗಳದೂ ಇದೇ ಸಂಸಾರ. ಅಮೆರಿಕದಲ್ಲಿ ಕಾರಿನ ಹಿಂದೆ ಮನೆಯನ್ನೇ ಕಟ್ಟಿಕೊಂಡು ಊರೂರು ಸುತ್ತುತ್ತಾರಲ್ಲ, ಆ ಪ್ರವಾಸಿ ಟ್ರೇಲರಿನ ಕೆಲಸವನ್ನು ನಮ್ಮಲ್ಲಿ ಬಹುಕಾಲದಿಂದ ಮಾಡುತ್ತ ಬಂದದ್ದು ಈ ಗಾಡಿಗಳೇ.

ಹೊರಡುವ ಮುಂಚೆ ಚಕ್ಕಡಿಯವನು ಒಂದು ಕೆಲಸ ತಪ್ಪಿಸುವುದಿಲ್ಲ, ಗಾಲಿಯ ಗುಂಭಕ್ಕೆ ಕೀಲೆಣ್ಣೆ ಬಿಡುತ್ತಾನೆ. ಟ್ರೇಲರಿನವನು ಡೀಸೆಲ್ ನೋಡುತ್ತಾನೆ, ಟೈರಿಗೆ ಗಾಳಿ ತುಂಬಿಸುತ್ತಾನೆ, ಹೊರಡುತ್ತಾನೆ. ಅವನ ಗಾಲಿಯ ಗುಂಭ ಕಬ್ಬಿಣದ ಮುಚ್ಚಳದೊಳಗೆ ಅಡಗಿದೆ. ಕಣ್ಣಿಗೆ ಕಾಣದ್ದು ನೆನಪಿಗೂ ಬರುವುದಿಲ್ಲ. ದಾರಿಯಲ್ಲಿ ಗಾಲಿ ಕಳಚಿದ ಟ್ರೇಲರುಗಳ ಕಥೆ ಬಹುಮಟ್ಟಿಗೆ ಶುರುವಾಗುವುದು ಈ ಮರೆವಿನಿಂದ.

ಚಕ್ಕಡಿಯ ಗುಂಭದಿಂದ ಟ್ರೇಲರಿನ ಹಬ್‌ವರೆಗೆ

ಗಾಲಿಯ ನಟ್ಟನಡುವೆ ಇದ್ದು ಅಚ್ಚಿನ ಮೇಲೆ ತಿರುಗುವ ಭಾಗವೇ ಗುಂಭ. ಮಿಸ್ತ್ರಿಗಳ ಮಾತಿನಲ್ಲಿ ಹಬ್. ಚಕ್ಕಡಿಯಲ್ಲಿ ಕಬ್ಬಿಣದ ಅಚ್ಚಿನ ಮೇಲೆ ಗುಂಭದೊಳಗಿನ ಕಬ್ಬಿಣದ ಕೊಳವೆ ನೇರವಾಗಿ ಉಜ್ಜುತ್ತದೆ. ನಡುವೆ ಇರುವುದು ಎಣ್ಣೆಯ ತೆಳುಪದರ ಮಾತ್ರ. ಅದು ಒಣಗಿದರೆ ಗಾಲಿ ಕಿರುಗುಟ್ಟುತ್ತದೆ, ಎತ್ತಿಗೆ ಎಳೆತ ಭಾರವಾಗುತ್ತದೆ. ಚಕ್ಕಡಿಯ ನಡಿಗೆ ತಾಸಿಗೆ ಮೂರು-ನಾಲ್ಕು ಕಿಲೋಮೀಟರ್ ಆದ್ದರಿಂದ ಬಿಸಿ ಏರುವುದು ಕಡಿಮೆ. ಕೆಟ್ಟರೂ ಅದು ಕೂಗಿ ಹೇಳಿ ಕೆಡುತ್ತದೆ.

ಉಜ್ಜುವ ಜಾಗದಲ್ಲಿ ಉರುಳುವ ಗುಂಡು ಇಟ್ಟರೆ ಎಳೆತ ಹಗುರಾಗುತ್ತದೆ ಎಂಬುದು ಹಳೆಯ ವಿಚಾರ. ವೇಲ್ಸಿನ ಫಿಲಿಪ್ ವಾನ್ 1794ರಲ್ಲಿ ಗಾಡಿಯ ಅಚ್ಚಿಗೆ ಗುಂಡಿನ ಬೇರಿಂಗ್ ಕೂಡಿಸುವ ಪೇಟೆಂಟ್ ಪಡೆದ. ಇಂದಿನ ಟ್ರೇಲರುಗಳಲ್ಲಿರುವ ಟೇಪರ್ ರೋಲರ್ ಬೇರಿಂಗಿನ ಪೇಟೆಂಟ್ 1898ರದು. ಅದನ್ನು ಪಡೆದ ಹೆನ್ರಿ ಟಿಮ್ಕೆನ್ ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ ಕುದುರೆಗಾಡಿ ಕಟ್ಟಿಸಿ ಮಾರುತ್ತಿದ್ದವನು. ತಿರುವಿನಲ್ಲಿ ಗಾಡಿಯ ಗಾಲಿಗೆ ಬೀಳುವ ಅಡ್ಡ ಒತ್ತಡವನ್ನು ತಡೆಯಬೇಕೆಂಬುದು ಅವನ ಚಿಂತೆಯಾಗಿತ್ತು. ಹಾಗಾಗಿ ಈ ಬೇರಿಂಗ್ ಮೋಟಾರಿಗಿಂತ ಮುಂಚೆ ಗಾಡಿಗೇ ಹುಟ್ಟಿದ್ದು.

ನಮ್ಮಲ್ಲಿ ಬೆಂಗಳೂರಿನ ಐಐಎಂನ ಮೊದಲ ನಿರ್ದೇಶಕರಾಗಿದ್ದ ಎನ್.ಎಸ್. ರಾಮಸ್ವಾಮಿ ಎತ್ತಿನ ಗಾಡಿಯ ಸುಧಾರಣೆಗಾಗಿ ವರ್ಷಗಟ್ಟಲೆ ದುಡಿದರು. ಗಾಡಿ ಹಗುರಾಗಬೇಕು, ಗಾಲಿ ಸಲೀಸಾಗಿ ತಿರುಗಬೇಕು, ಎತ್ತಿನ ಹೆಗಲಿನ ನೋವು ತಗ್ಗಬೇಕು ಎಂಬುದು ಅವರ ವಾದ. ಕಬ್ಬಿನ ಸೀಮೆಯ ಟೈರ್ ಗಾಡಿಗಳಲ್ಲಿ ಬೇರಿಂಗ್ ಬಂತು. ಟ್ರ್ಯಾಕ್ಟರ್ ಬಂದ ಮೇಲೆ ಡಬ್ಬಿ ಎಂದು ಕರೆಯುವ ಟ್ರೇಲರ್ ಹಳ್ಳಿಹಳ್ಳಿಗೂ ಬಂತು. ಎಳೆತ ಹಗುರಾಯಿತು, ವೇಗ ಏಳೆಂಟು ಪಟ್ಟು ಹೆಚ್ಚಿತು, ಆದರೆ ಗುಂಭ ಮುಚ್ಚಿಹೋಯಿತು.

ಮುಚ್ಚಳದೊಳಗೆ ಏನಿದೆ

ಹಬ್ ಬಿಚ್ಚಿದರೆ ಕಾಣುವ ಸಾಮಾನು ಹೆಚ್ಚಿಲ್ಲ. ಹೊರಗಿನಿಂದ ಮೊದಲು ಗ್ರೀಸ್ ಮುಚ್ಚಳ, ಅಂದರೆ ಹಬ್ ಕ್ಯಾಪ್. ಅದನ್ನು ತೆಗೆದರೆ ಅಚ್ಚಿನ ತುದಿಯಲ್ಲಿ ಕೋಟೆಯ ತೆನೆಯಂತೆ ಕಚ್ಚು ಕೊರೆದ ಕ್ಯಾಸಲ್ ನಟ್, ಅದು ತಿರುಗದಂತೆ ಅಡ್ಡ ಹಾಯಿಸಿದ ಸ್ಪ್ಲಿಟ್ ಪಿನ್, ಅದರ ಹಿಂದೆ ವಾಷರ್. ಆಮೇಲೆ ಹೊರ ಬೇರಿಂಗ್. ಹಬ್‌ನ ಹಿಂಬದಿಯಲ್ಲಿ ಒಳ ಬೇರಿಂಗ್. ಸಾಮಾನ್ಯವಾಗಿ ಇದು ಹೊರಗಿನದಕ್ಕಿಂತ ದೊಡ್ಡದು. ಎಲ್ಲಕ್ಕಿಂತ ಹಿಂದೆ, ಗ್ರೀಸ್ ಹೊರಹೋಗದಂತೆ ಮತ್ತು ನೀರು-ಧೂಳು ಒಳಬರದಂತೆ ತಡೆಯುವ ರಬ್ಬರ್ ತುಟಿಯ ಆಯಿಲ್ ಸೀಲ್.

ಬೇರಿಂಗಿನಲ್ಲಿ ಎರಡು ಭಾಗ. ಹಬ್‌ಗೆ ಬಿಗಿಯಾಗಿ ಹೊಡೆದು ಕೂಡಿಸಿದ ಹೊರಬಳೆ ಒಂದು. ಅಚ್ಚಿನ ಮೇಲೆ ಜಾರಿಸಿ ಏರಿಸುವ, ರೋಲರುಗಳನ್ನು ಪಂಜರದಲ್ಲಿ ಹಿಡಿದಿಟ್ಟ ಒಳಬಳೆ ಇನ್ನೊಂದು. ರೋಲರುಗಳು ಒಂದು ತುದಿಗೆ ಸಣ್ಣದಾಗಿರುವುದರಿಂದ ಎರಡೂ ಬೇರಿಂಗುಗಳನ್ನು ಸಣ್ಣ ತುದಿ ಹಬ್‌ನ ಒಳಮುಖವಾಗಿ ಕೂಡಿಸುತ್ತಾರೆ. ಆಗ ಮೇಲಿನಿಂದ ಬೀಳುವ ಭಾರವನ್ನೂ ಎಡಬಲದ ಒತ್ತಡವನ್ನೂ ಎರಡೂ ಸೇರಿ ಹೊರುತ್ತವೆ. ಚಕ್ಕಡಿ ಜಾಡಿನ ಹೊಲದ ದಾರಿಯಲ್ಲಿ, ಒಂದು ಗಾಲಿ ಕೊರಕಲಿಗೆ ಇಳಿದು ಇನ್ನೊಂದು ಮೇಲೆ ಉಳಿದಾಗ, ಈ ಅಡ್ಡ ಒತ್ತಡವೇ ದೊಡ್ಡದು.

ಕೆಡುವುದೇಕೆ: ನೀರು

ಬೇರಿಂಗಿನ ಮೊದಲ ವೈರಿ ನೀರು. ಮಳೆಗಾಲದಲ್ಲಿ ಬೆಣ್ಣೆಹಳ್ಳ, ತುಪ್ಪರಿಹಳ್ಳಗಳು ಉಕ್ಕಿ ಕುಂದಗೋಳ, ಹುಬ್ಬಳ್ಳಿ, ನವಲಗುಂದ ಸೀಮೆಯ ಎರೆ ಹೊಲಗಳಿಗೆ ನುಗ್ಗುವುದನ್ನು ಈ ಭಾಗದವರು ವರ್ಷವರ್ಷವೂ ನೋಡುತ್ತಾರೆ. ಉಕ್ಕಿದ ಹಳ್ಳಕ್ಕೆ ಗಾಡಿ ಇಳಿಸುವುದು ಜೀವಕ್ಕೇ ಅಪಾಯ, ಅದು ಬೇರೆ ಮಾತು. ಮಂಡಿಮಟ್ಟ ನೀರಿನಲ್ಲಿ ದಾಟಿದ ಟ್ರೇಲರಿನ ಹಬ್‌ನೊಳಗೂ ಒಂದು ಸದ್ದಿಲ್ಲದ ಅನಾಹುತ ನಡೆಯುತ್ತದೆ.

ಹೊರೆ ಹೊತ್ತು ಓಡಿದ ಹಬ್ ಸುಮಾರು 60 ಡಿಗ್ರಿ ಸೆಲ್ಸಿಯಸ್‌ವರೆಗೆ ಬಿಸಿಯಾಗಿದೆ ಎಂದುಕೊಳ್ಳಿ. ಅದು 25 ಡಿಗ್ರಿಯ ನೀರಿಗೆ ಇಳಿದು ತಣ್ಣಗಾದರೆ ಒಳಗಿನ ಗಾಳಿ ಸುಮಾರು ಹತ್ತನೇ ಒಂದು ಪಾಲು ಕುಗ್ಗುತ್ತದೆ. ಆ ತೆರವು ತುಂಬಲು ಸೀಲಿನ ತುಟಿಯ ಸಂದಿನಿಂದ ನೀರು ಒಳಕ್ಕೆ ನುಗ್ಗುತ್ತದೆ. ದೋಣಿ ಸಾಗಿಸುವ ಟ್ರೇಲರುಗಳನ್ನು ಕೆರೆ-ಸಮುದ್ರಕ್ಕೆ ಇಳಿಸುವ ದೇಶಗಳಲ್ಲಿ ಇದು ಹಳೆಯ ತಲೆನೋವು. ನಮ್ಮ ಹಳ್ಳ ದಾಟುವ ಡಬ್ಬಿಗೂ ಅದೇ ರೋಗ. ಒಳಹೊಕ್ಕ ನೀರಿನೊಂದಿಗೆ ಗ್ರೀಸ್ ಕಲೆತು ಮಜ್ಜಿಗೆಯಂತೆ ಬೆಳ್ಳಗಾಗುತ್ತದೆ, ಉಕ್ಕಿಗೆ ತುಕ್ಕು ಹಿಡಿಯುತ್ತದೆ. ಹಳ್ಳ ದಾಟಿದ ದಿನ ಏನೂ ತಿಳಿಯುವುದಿಲ್ಲ. ಕೂಗು ಕೇಳಿಸುವುದು ಎರಡು-ಮೂರು ತಿಂಗಳ ಮೇಲೆ, ಸುಗ್ಗಿಯ ಹೊರೆ ಬಿದ್ದಾಗ. ಅಷ್ಟೊತ್ತಿಗೆ ಹಳ್ಳದ ನೆನಪು ಯಾರಿಗೂ ಇರುವುದಿಲ್ಲ.

ಸರ್ವಿಸಿಂಗ್ ಮಾಡುವಾಗ ಜೋರಾದ ನೀರಿನ ಪೈಪನ್ನು ನೇರವಾಗಿ ಸೀಲಿನ ಮೇಲೆ ಹಿಡಿಯುವುದೂ ಇದೇ ಕೇಡು ಮಾಡುತ್ತದೆ. ಎರೆಮಣ್ಣು ಒಣಗಿ ಗಟ್ಟಿಯಾಗಿ ಸೀಲಿನ ತುಟಿಗೆ ಅಂಟಿದರೆ ಗಾಲಿ ತಿರುಗುವಾಗಲೆಲ್ಲ ಆ ಮಣ್ಣೇ ಅರದಂತೆ ರಬ್ಬರನ್ನು ಸವೆಸುತ್ತದೆ.

ಕೆಡುವುದೇಕೆ: ಭಾರ

ರೋಲರ್ ಬೇರಿಂಗಿನ ಆಯುಷ್ಯಕ್ಕೆ ಎಂಜಿನಿಯರುಗಳ ಒಂದು ಲೆಕ್ಕವಿದೆ. ಭಾರ ಹೆಚ್ಚಿದ ಪ್ರಮಾಣಕ್ಕೆ ಆಯುಷ್ಯ ಅದೇ ಪ್ರಮಾಣದಲ್ಲಿ ಇಳಿಯುವುದಿಲ್ಲ, ಭಾರದ 3.33ನೇ ಘಾತದಷ್ಟು ಇಳಿಯುತ್ತದೆ. ಸರಳವಾಗಿ ಹೇಳಬೇಕೆಂದರೆ, ಹೊರೆ ಕಾಲುಪಾಲು ಹೆಚ್ಚಾದರೆ ಬೇರಿಂಗಿನ ಬಾಳಿಕೆ ಅರ್ಧಕ್ಕಿಂತ ಕಡಿಮೆ. ಹೊರೆ ಎರಡು ಪಟ್ಟಾದರೆ ಬಾಳಿಕೆ ಹತ್ತನೇ ಒಂದು ಪಾಲು.

ಹತ್ತಿ ಅಂಡಿಗೆ ಎತ್ತರಕ್ಕೆ ಕಾಣುತ್ತದೆ, ತೂಕ ಕಡಿಮೆ. ಕಬ್ಬು, ಉಸುಕು, ಜಲ್ಲಿಕಲ್ಲು ಹಾಗಲ್ಲ. ಹಳಿಯಾಳದ ಸಕ್ಕರೆ ಕಾರ್ಖಾನೆಯ ಕಡೆ ಎರಡೆರಡು ಡಬ್ಬಿ ಕಟ್ಟಿಕೊಂಡು ಹೋಗುವ ಟ್ರ್ಯಾಕ್ಟರುಗಳಲ್ಲಿ ಗಾಲಿಗಾಲಿಯೂ ತನ್ನ ಮಿತಿಯಲ್ಲೋ ಮಿತಿ ಮೀರಿಯೋ ದುಡಿಯುತ್ತಿರುತ್ತದೆ. ಒಂದೇ ಬದಿಗೆ ಹೊರೆ ವಾಲಿದರೆ ಆ ಬದಿಯ ಬೇರಿಂಗಿನ ಪಾಲಿಗೆ ಅದು ಮಿತಿ ಮೀರಿದ ಭಾರವೇ. ಸುಗ್ಗಿಯಲ್ಲಿ ಹೀಗೆ ದುಡಿದ ಡಬ್ಬಿಯನ್ನು ಮರುವಾರ ತೊಳೆದು, ಕುಂಕುಮ ಹಚ್ಚಿ, ಮನೆಮಂದಿಯನ್ನು ಕೂಡಿಸಿಕೊಂಡು ಜಾತ್ರೆಗೆ ಹೊರಡುತ್ತಾರೆ. ಬೇರಿಂಗು ಸುಗ್ಗಿಯ ದಣಿವನ್ನು ಹೊತ್ತೇ ಬರುತ್ತದೆ. ಸರಕು ಟ್ರೇಲರಿನಲ್ಲಿ ಜನ ಕೂಡಿಸುವುದಕ್ಕೆ ಕಾನೂನಿನ ಒಪ್ಪಿಗೆಯಿಲ್ಲ. ಅಪಘಾತವಾದರೆ ವಿಮೆಯ ಹಣಕ್ಕೂ ತೊಡಕು. ಹೆಂಗಸರು, ಮಕ್ಕಳು, ಮುದುಕರು ಬಸ್ಸಿನಲ್ಲಿ ಬಂದು ಸಾಮಾನು ಮಾತ್ರ ಡಬ್ಬಿಯಲ್ಲಿ ಬರುವುದು ಲೇಸು.

ಕೆಡುವ ಮುಂಚಿನ ನಾಲ್ಕು ಸೂಚನೆ

ಬೇರಿಂಗು ಏಕಾಏಕಿ ಮುರಿಯುವುದು ಅಪರೂಪ. ಮುರಿಯುವ ಮುಂಚೆ ನಾಲ್ಕು ಬಗೆಯಲ್ಲಿ ತಿಳಿಸುತ್ತದೆ.

ಮೊದಲನೆಯದು ಸದ್ದು. ‘ಗಾಲಿ ಯಾಕೋ ಒದರಾಕತ್ತೈತಿ’ ಎಂದು ಹಿಂದೆ ಬರುವ ಬೈಕಿನವನು ಹೇಳಿದರೆ ನಕ್ಕು ಮುಂದೆ ಹೋಗಬಾರದು. ಟ್ರ್ಯಾಕ್ಟರಿನ ಎಂಜಿನ್ ಸದ್ದಿನಲ್ಲಿ ಚಾಲಕನಿಗೆ ಅದು ಕೇಳುವುದೇ ಇಲ್ಲ. ಬೀಸುವ ಕಲ್ಲಿನಂಥ ಗರಗರ ಬೇರಿಂಗಿನದು. ಲಯಬದ್ಧವಾದ ಟಕ್‌ಟಕ್ ಒಡೆದ ರೋಲರಿನದೋ ಸಡಿಲಾದ ಗಾಲಿ ನಟ್ಟಿನದೋ ಇರಬಹುದು.

ಎರಡನೆಯದು ಬಿಸಿ. ಹದಿನೈದು-ಇಪ್ಪತ್ತು ಕಿಲೋಮೀಟರ್ ಓಡಿದ ಮೇಲೆ ನಿಲ್ಲಿಸಿ ಪ್ರತಿ ಹಬ್‌ನ ಹತ್ತಿರ ಮೊದಲು ಮುಂಗೈ ಒಯ್ಯಬೇಕು, ಝಳ ಇಲ್ಲದಿದ್ದರೆ ಮುಟ್ಟಬೇಕು. ಬೆಚ್ಚಗಿದ್ದರೆ ಸಹಜ. ಐದು ಎಣಿಸುವಷ್ಟು ಹೊತ್ತು ಕೈ ತಾಳದಿದ್ದರೆ ಅನುಮಾನ. ನೀರು ಚಿಮುಕಿಸಿದರೆ ಚುರ್ ಎಂದರೆ ಅದು 100 ಡಿಗ್ರಿ ದಾಟಿದೆ. ಇಲ್ಲಿ ಹೋಲಿಕೆ ಮುಖ್ಯ: ನಾಲ್ಕು ಗಾಲಿಗಳಲ್ಲಿ ಮೂರು ಬೆಚ್ಚಗಿದ್ದು ಒಂದು ಮಾತ್ರ ಸುಡುತ್ತಿದ್ದರೆ ರೋಗ ಅಲ್ಲೇ ಇದೆ. ಬ್ರೇಕ್ ಇರುವ ಟ್ರೇಲರಿನಲ್ಲಿ ಹಿಡಿದುಕೊಂಡ ಬ್ರೇಕೂ ಹಬ್ ಬಿಸಿ ಮಾಡಬಹುದು. ನಮ್ಮ ಎಷ್ಟೋ ಡಬ್ಬಿಗಳಿಗೆ ಬ್ರೇಕೇ ಇರುವುದಿಲ್ಲ, ಅಂಥಲ್ಲಿ ಅನುಮಾನ ನೇರವಾಗಿ ಬೇರಿಂಗಿನ ಮೇಲೆ.

ಮೂರನೆಯದು ಅಲುಗಾಟ. ಗಾಲಿಯನ್ನು ಜಾಕ್ ಮೇಲೆ ಎತ್ತಿ, ಗಡಿಯಾರದ ಹನ್ನೆರಡು ಮತ್ತು ಆರರ ಜಾಗಕ್ಕೆ ಕೈ ಹಾಕಿ ಹಿಂದೆ ಮುಂದೆ ಜಗ್ಗಬೇಕು. ಕೂದಲೆಳೆಯಷ್ಟು ಸಡಿಲು ಇರಬೇಕಾದದ್ದೇ. ಕಣ್ಣಿಗೆ ಕಾಣುವಂತೆ ಅಳ್ಳಾಡಿದರೆ ನಟ್ ಸಡಿಲಾಗಿದೆ ಅಥವಾ ಬೇರಿಂಗ್ ಸವೆದಿದೆ. ಆಮೇಲೆ ಗಾಲಿಯನ್ನು ಕೈಯಿಂದ ತಿರುಗಿಸಿ, ಇನ್ನೊಂದು ಕೈಯನ್ನು ಅಚ್ಚಿನ ಮೇಲೆ ಇಟ್ಟರೆ ಒಳಗಿನ ಒರಟುತನ ಬೆರಳಿಗೇ ತಿಳಿಯುತ್ತದೆ.

ನಾಲ್ಕನೆಯದು ಸೋರಿಕೆ. ಗಾಲಿಯ ಒಳಮೈಯಲ್ಲಿ ಕಪ್ಪು ಗ್ರೀಸ್ ಸಿಡಿದಿದ್ದರೆ ಸೀಲ್ ಹೋಗಿದೆ. ಗ್ರೀಸ್ ಹೊರಬಂದ ದಾರಿಯಲ್ಲೇ ಧೂಳು ಒಳಗೆ ಹೋಗಿದೆ ಎಂದೇ ತಿಳಿಯಬೇಕು.

ಗಾಲಿಯ ನಟ್ಟುಗಳೇ ಸಡಿಲಾದಾಗಲೂ ಗಾಲಿ ಅಳ್ಳಾಡುತ್ತದೆ. ಗುರುತಿಸುವುದು ಸುಲಭ: ನಟ್ಟಿನ ಸುತ್ತ ತುಕ್ಕಿನ ಗೆರೆಗಳು ಇಳಿದಿರುತ್ತವೆ, ರಿಮ್ಮಿನ ತೂತುಗಳು ಮೊಟ್ಟೆಯಾಕಾರಕ್ಕೆ ಹಿಗ್ಗಿರುತ್ತವೆ. ಗಾಲಿ ಬದಲಿಸಿದ ಮೇಲೆ ಐವತ್ತು-ನೂರು ಕಿಲೋಮೀಟರ್ ಓಡಿಸಿ ನಟ್ಟುಗಳಿಗೆ ಮತ್ತೊಮ್ಮೆ ಪಾನಾ ಹಾಕುವುದು ಇದಕ್ಕಾಗಿಯೇ.

ರೈಲ್ವೆಯವರ ಅಭ್ಯಾಸ

ಹುಬ್ಬಳ್ಳಿಗೆ ಗಾಲಿಯ ಬಿಸಿ ಹೊಸ ವಿಷಯವಲ್ಲ. ಸದರ್ನ್ ಮರಾಠಾ ರೈಲ್ವೆಯ ಕಾಲದಲ್ಲಿ, 1880ರ ದಶಕದಲ್ಲಿ ಶುರುವಾದ ಇಲ್ಲಿನ ರೈಲ್ವೆ ವರ್ಕ್‌ಶಾಪಿನಲ್ಲಿ ತಲೆಮಾರುಗಳಿಂದ ಗಾಲಿ-ಅಚ್ಚುಗಳ ಕೆಲಸ ನಡೆದಿದೆ. ಬೇರಿಂಗ್ ಕಾದು ಹೋಗುವುದಕ್ಕೆ ರೈಲ್ವೆಯವರು ‘ಹಾಟ್ ಆಕ್ಸಲ್’ ಎನ್ನುತ್ತಾರೆ. ಅದನ್ನು ಅಲಕ್ಷಿಸಿದರೆ ಅಚ್ಚು ಮುರಿದು ಗಾಡಿ ಹಳಿ ತಪ್ಪಬಹುದು. ಅದಕ್ಕೇ ನಿಲ್ದಾಣಕ್ಕೆ ಗಾಡಿ ಬರುವಾಗ ಸಿಬ್ಬಂದಿ ಪಕ್ಕದಲ್ಲಿ ನಿಂತು ಉರುಳುವ ಗಾಲಿಗಳನ್ನು ನೋಡುತ್ತಾರೆ, ನಿಂತ ಮೇಲೆ ಬಿಸಿ ಅಳೆಯುವ ಸಣ್ಣ ಯಂತ್ರವನ್ನು ಒಂದೊಂದೇ ಗಾಲಿಯ ಬೇರಿಂಗ್ ಪೆಟ್ಟಿಗೆಗೆ ಹಿಡಿಯುತ್ತಾರೆ. 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಇರುವ ಶ್ರೀ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದಲ್ಲಿ ಚಹಾ ಕುಡಿಯುತ್ತ ನಿಂತವರು ಇಂಥ ತಪಾಸಣೆಯನ್ನು ನೋಡಿರಬಹುದು. ಇದರಲ್ಲಿ ದೊಡ್ಡ ವಿದ್ಯೆಯೇನೂ ಇಲ್ಲ. ಪ್ರತಿ ನಿಲುಗಡೆಯಲ್ಲೂ ಪ್ರತಿ ಗಾಲಿಯನ್ನೂ ನೋಡುವ ಶಿಸ್ತು ಅಷ್ಟೇ. ಆ ಯಂತ್ರ ಈಗ ದುಬಾರಿಯೂ ಅಲ್ಲ. ಇಲ್ಲದಿದ್ದರೆ ಮುಂಗೈ ಇದ್ದೇ ಇದೆ.

ಬಿಚ್ಚಿ ತೊಳೆದಾಗ ಕಾಣುವ ಗುರುತು

ಕೆಟ್ಟ ಬೇರಿಂಗನ್ನು ಎಸೆಯುವ ಮುಂಚೆ ತೊಳೆದು ನೋಡಬೇಕು. ಅದು ಯಾಕೆ ಕೆಟ್ಟಿತೆಂಬುದು ಅದರ ಮೈಮೇಲೇ ಬರೆದಿರುತ್ತದೆ. ಡೀಸೆಲಿನಲ್ಲಿ ತೊಳೆದು, ಅರಿವೆಯಿಂದ ಒರೆಸಿ ಬೆಳಕಿಗೆ ಹಿಡಿಯಬೇಕು.

ಬಳೆಯ ಮೈ ನೀಲಿ ಅಥವಾ ಕಂದು ಬಣ್ಣಕ್ಕೆ ತಿರುಗಿದ್ದರೆ ಅತಿಯಾಗಿ ಕಾದಿದೆ. ಉಕ್ಕಿನ ಹದ ಹೋಗಿದೆ, ಮತ್ತೆ ಬಳಸುವಂತಿಲ್ಲ. ಮೈಮೇಲೆ ಸಿಡುಬಿನ ಕಲೆಯಂತೆ ಚೂರು ಎದ್ದಿದ್ದರೆ ಭಾರ ಮತ್ತು ದಣಿವಿನ ಗುರುತು. ರೋಲರುಗಳ ಅಂತರಕ್ಕೆ ಸರಿಯಾಗಿ ಸಾಲುಸಾಲು ತುಕ್ಕಿನ ಪಟ್ಟೆ ಕಂಡರೆ, ನೀರು ಹೊಕ್ಕ ಟ್ರೇಲರ್ ಬಹಳ ದಿನ ಒಂದೇ ಕಡೆ ನಿಂತಿತ್ತು. ಸಣ್ಣ ಗೀರುಗಳು ತುಂಬಿದ್ದರೆ ಧೂಳು ಹೊಕ್ಕಿದೆ.

ಒಳಬಳೆ ಕುಳಿತಿದ್ದ ಅಚ್ಚಿನ ಜಾಗವನ್ನೂ ನೋಡಬೇಕು. ಅಲ್ಲಿ ಉಜ್ಜಿದ ಹೊಳಪು, ಕೊರಕಲು ಕಂಡರೆ ಬೇರಿಂಗ್ ಜಾಮ್ ಆಗಿ ಬಳೆಯೇ ಅಚ್ಚಿನ ಮೇಲೆ ತಿರುಗಿದೆ. ಅಂಥ ಅಚ್ಚಿಗೆ ಹೊಸ ಬೇರಿಂಗ್ ಹಾಕಿದರೂ ನಿಲ್ಲುವುದಿಲ್ಲ. ಅಚ್ಚಿನ ಮೈಯನ್ನು ಉಳಿಯಿಂದ ಚುಚ್ಚಿ ಉಬ್ಬಿಸಿ ಬಳೆಯನ್ನು ಬಿಗಿ ಕೂಡಿಸುವ ಉಪಾಯ ಹಲವು ಗ್ಯಾರೇಜುಗಳಲ್ಲಿದೆ. ಆ ಉಬ್ಬುಗಳು ಕೆಲವೇ ದಿನದಲ್ಲಿ ಸವೆಯುತ್ತವೆ. ಗೋಕುಲ ರಸ್ತೆ, ತಾರಿಹಾಳದಂಥ ಕೈಗಾರಿಕಾ ಪ್ರದೇಶಗಳಿರುವ ಹುಬ್ಬಳ್ಳಿಯಲ್ಲಿ ಲೇಥ್ ಕೆಲಸಕ್ಕೆ ಕೊರತೆಯಿಲ್ಲ. ಅಚ್ಚಿನ ತುದಿಯನ್ನು ಬಲ್ಲವರಿಂದ ಸರಿಮಾಡಿಸುವುದು ಅಥವಾ ಬದಲಿಸುವುದೇ ನಿಜವಾದ ದುರಸ್ತಿ.

ಗ್ರೀಸ್: ಯಾವುದು, ಎಷ್ಟು

ಗಾಲಿಯ ಬೇರಿಂಗಿಗೆ ಬೇಕಾದದ್ದು ಹೆಚ್ಚು ಒತ್ತಡ ತಾಳುವ, ಎರಡನೇ ದರ್ಜೆಯ ಗಟ್ಟಿತನದ ಲಿಥಿಯಂ ಅಥವಾ ಲಿಥಿಯಂ ಕಾಂಪ್ಲೆಕ್ಸ್ ಗ್ರೀಸ್. ಗ್ರೀಸ್ ಡಬ್ಬಿಯ ಮೇಲೆ ಇದನ್ನು ‘ಇಪಿ-2’ ಎಂದು ಬರೆದಿರುತ್ತಾರೆ. ಹಳೆಯ ಗ್ರೀಸಿನ ಮೇಲೆ ಬೇರೆ ಜಾತಿಯ ಹೊಸ ಗ್ರೀಸ್ ಮೆತ್ತಬಾರದು. ಕೆಲವು ಜಾತಿಗಳು ಒಂದಕ್ಕೊಂದು ಹೊಂದದೆ ನೀರಾಗಿ ಹರಿದುಹೋಗುತ್ತವೆ. ಹಳೆಯದನ್ನು ಪೂರ್ತಿ ತೊಳೆದು, ಬೇರಿಂಗನ್ನು ಚೆನ್ನಾಗಿ ಒಣಗಿಸಿ, ಆಮೇಲೆ ತುಂಬಬೇಕು. ಒಣಗಿಸುವಾಗ ಕಂಪ್ರೆಸರ್ ಗಾಳಿಯಿಂದ ಬೇರಿಂಗನ್ನು ಗಿರಗಿರನೆ ತಿರುಗಿಸುವುದು ಮಕ್ಕಳಾಟ. ಪಂಜರ ಒಡೆದು ರೋಲರ್ ಕಣ್ಣಿಗೆ ಸಿಡಿಯಬಹುದು.

ತುಂಬುವ ಬಗೆ ಹೀಗೆ: ಅಂಗೈಯಲ್ಲಿ ಒಂದು ಮುದ್ದೆ ಗ್ರೀಸ್ ಇಟ್ಟುಕೊಂಡು, ಬೇರಿಂಗಿನ ದೊಡ್ಡ ತುದಿಯನ್ನು ಅದಕ್ಕೆ ಒತ್ತಿ ಒತ್ತಿ ತಿಕ್ಕಬೇಕು. ರೋಲರುಗಳ ಸಂದಿನಿಂದ ಇನ್ನೊಂದು ತುದಿಯಲ್ಲಿ ಗ್ರೀಸ್ ಹೊರಗೆ ಇಣುಕುವವರೆಗೂ ಒತ್ತುತ್ತಲೇ ಹೋಗಬೇಕು. ಹೊರಮೈಗೆ ಸವರಿದರೆ ಸಾಲದು, ರೋಲರುಗಳ ನಡುವಿನ ಜಾಗ ತುಂಬಬೇಕು. ಎರಡು ಬೇರಿಂಗುಗಳ ನಡುವಿನ ಹಬ್‌ನ ಪೊಳ್ಳಿಗೆ ಮೂರನೇ ಒಂದು ಪಾಲಿನಿಂದ ಅರ್ಧದವರೆಗೆ ಸಾಕು. ‘ಹೆಚ್ಚಾದರೆ ಒಳ್ಳೆಯದೇ’ ಎಂದು ಗಂಟಲುಮಟ ತುಂಬಿದರೆ ಗ್ರೀಸ್ ಕಡೆದು ಕಡೆದು ಬಿಸಿಯಾಗುತ್ತದೆ, ಹಿಗ್ಗಿ ಸೀಲನ್ನು ತಳ್ಳಿಕೊಂಡು ಹೊರಬರುತ್ತದೆ, ಬ್ರೇಕ್ ಇದ್ದರೆ ಅದರ ಮೇಲೂ ಇಳಿಯುತ್ತದೆ. ಹಬ್ ಬಿಚ್ಚಿದಾಗಲೆಲ್ಲ ಸೀಲ್ ಹೊಸದು ಹಾಕಬೇಕು. ಇಡೀ ಕೆಲಸದಲ್ಲಿ ಅತಿ ಅಗ್ಗದ ಸಾಮಾನು ಅದೇ, ಉಳಿದೆಲ್ಲವನ್ನೂ ಕಾಯುವುದೂ ಅದೇ.

ನಟ್ಟಿನ ಹದ

ಬೇರಿಂಗ್ ಕೂಡಿಸುವಾಗ ಆಗುವ ದೊಡ್ಡ ತಪ್ಪು, ನಟ್ಟನ್ನು ಶಕ್ತಿಯಿದ್ದಷ್ಟು ಬಿಗಿಯುವುದು. ಗಾಲಿಯ ನಟ್ ಬಿಗಿಯಬೇಕು, ಅಚ್ಚಿನ ನಟ್ ಬಿಗಿಯಬಾರದು. ಅತಿ ಬಿಗಿಯಾದರೆ ರೋಲರುಗಳು ಬಳೆಗಳ ನಡುವೆ ಹಿಸುಕಿ ಕಾಯುತ್ತವೆ. ಅತಿ ಸಡಿಲಾದರೆ ಗಾಲಿ ಓಲಾಡಿ ಬಳೆಗಳನ್ನು ಕುಟ್ಟುತ್ತದೆ.

ಹದ ಹಿಡಿಯುವ ಕ್ರಮ ಇದು. ಹಬ್‌ಅನ್ನು ಕೈಯಿಂದ ತಿರುಗಿಸುತ್ತಲೇ ನಟ್ಟನ್ನು ಪಾನಾದಿಂದ ಸಾಕಷ್ಟು ಬಿಗಿಯಬೇಕು. ಆಗ ರೋಲರುಗಳು ತಮ್ಮ ಜಾಗದಲ್ಲಿ ಕೂಡುತ್ತವೆ. ಆಮೇಲೆ ನಟ್ಟನ್ನು ಪೂರ್ತಿ ಸಡಿಲಿಸಿ, ಹಬ್ ತಿರುಗಿಸದೆ ಬೆರಳಿನಿಂದ ಮಾತ್ರ ಮತ್ತೆ ಬಿಗಿಯಬೇಕು. ಪಿನ್ನಿನ ತೂತು ನಟ್ಟಿನ ಕಚ್ಚಿಗೆ ಎದುರು ಬಾರದಿದ್ದರೆ ಮುಂದಕ್ಕೆ ಬಿಗಿಯದೆ ಹಿಂದಕ್ಕೆ ಸಡಿಲಿಸಿ ಹೊಂದಿಸಬೇಕು. ಕೊನೆಗೆ ಉಳಿಯಬೇಕಾದ ಸಡಿಲು ಒಂದು ಮಿಲಿಮೀಟರಿನ ನಾಲ್ಕನೇ ಒಂದು ಪಾಲಿಗಿಂತ ಕಡಿಮೆ. ಗಾಲಿ ಬೆರಳಿನ ನೂಕಿಗೆ ಸಲೀಸಾಗಿ ತಿರುಗಬೇಕು, ಜಗ್ಗಿದರೆ ಅಳ್ಳಾಡಿದ್ದು ಕಾಣಬಾರದು.

ಕಡೆಗೀಲು

ಇಷ್ಟೆಲ್ಲ ಮಾಡಿದ ಮೇಲೆ ಉಳಿಯುವುದು ಬೆರಳಿನಷ್ಟು ಉದ್ದದ ಒಂದು ಸ್ಪ್ಲಿಟ್ ಪಿನ್. ಚಕ್ಕಡಿಯಲ್ಲಿ ಇದೇ ಕೆಲಸ ಮಾಡುವ ಕೀಲಿಗೆ ಕಡಾಣಿ ಎಂದೂ ಕಡೆಗೀಲು ಎಂದೂ ಹೆಸರು. ಗಾಲಿ ಅಚ್ಚಿನಿಂದ ಜಾರದಂತೆ ತುದಿಯಲ್ಲಿ ತಡೆಯುವ ಮೊಳೆ ಅದು. ಹನ್ನೆರಡನೇ ಶತಮಾನಕ್ಕೂ ಹಿಂದಿನ ತಲೆಮಾರಿನ ವಚನಕಾರ ಜೇಡರ ದಾಸಿಮಯ್ಯ ಈ ಸಣ್ಣ ಕೀಲನ್ನೇ ರೂಪಕ ಮಾಡಿಕೊಂಡ. ಸೊಕ್ಕಿನ ಒಡಲನ್ನು ಬಂಡಿಯೆಂದೂ, ಶರಣರ ಮಾತನ್ನು ಅದರ ಕಡೆಗೀಲೆಂದೂ ಅವನು ಕಂಡ.

ಇಂದಿನ ಗ್ಯಾರೇಜುಗಳಲ್ಲಿ ಈ ಕೀಲಿಗೆ ಆ ಮರ್ಯಾದೆ ಇಲ್ಲ. ಹಳೆಯ ಪಿನ್ನನ್ನೇ ನೆಟ್ಟಗೆ ಮಾಡಿ ಮತ್ತೆ ಹಾಕುತ್ತಾರೆ, ಇಲ್ಲದಿದ್ದರೆ ತಂತಿಯನ್ನೋ ಮೊಳೆಯನ್ನೋ ಮಡಚಿ ಸಿಕ್ಕಿಸುತ್ತಾರೆ. ಒಮ್ಮೆ ಮಡಚಿದ ಪಿನ್ನಿನ ಬಾಗು ಸೀಳಿರುತ್ತದೆ. ಎರಡನೇ ಸಲ ಮಡಚಿದರೆ ಅದು ಮುರಿಯುವುದು ದಾರಿಯಲ್ಲಿ. ಪಿನ್ ಹೋದರೆ ನಟ್ ತಿರುಗಿ ಬಿಚ್ಚುತ್ತದೆ, ಆಮೇಲೆ ಹಬ್ ಸಮೇತ ಗಾಲಿಯೇ ಕಳಚಿ ಹೊರಡುತ್ತದೆ. ಹೊರೆ ಹೊತ್ತ ಟ್ರೇಲರಿನಿಂದ ಕಳಚಿದ ಗಾಲಿ ಎದುರಿಗೆ ಬಂದವರಿಗೆ ಉರುಳುವ ಬಂಡೆ.

ಕೊಳ್ಳುವಾಗ

ಬೇರಿಂಗಿನ ಬಳೆಯ ಮೇಲೆ ನಂಬರ್ ಕೊರೆದಿರುತ್ತದೆ. ಅಂಗಡಿಗೆ ಹೋಗುವಾಗ ಹಳೆಯ ಬೇರಿಂಗನ್ನೇ ಒಯ್ಯುವುದು ಒಳಿತು, ನಂಬರ್ ಓದಲು ಬಂದರೆ ಇನ್ನೂ ಒಳಿತು. 30210 ಎಂಬ ನಂಬರಿನಲ್ಲಿ ಮೊದಲ 3 ಎಂದರೆ ಟೇಪರ್ ರೋಲರ್. ಕೊನೆಯ ಎರಡು ಅಂಕಿಯನ್ನು ಐದರಿಂದ ಗುಣಿಸಿದರೆ ಒಳತೂತಿನ ಅಳತೆ ಸಿಗುತ್ತದೆ: ಹತ್ತೈದಲಿ ಐವತ್ತು ಮಿಲಿಮೀಟರ್. 32211 ಆದರೆ ಐವತ್ತೈದು. ಇಂಚಿನ ಲೆಕ್ಕದ ಬೇರಿಂಗುಗಳಿಗೆ ಈ ಸೂತ್ರ ಅನ್ವಯಿಸದು.

ಒಳಬಳೆ ಮಾತ್ರ ಹೊಸದು ಹಾಕಿ ಹಬ್‌ನಲ್ಲಿ ಹಳೆಯ ಹೊರಬಳೆಯನ್ನೇ ಬಿಡುವುದು ಕಾಸಿನ ಆಸೆಗೆ ಕೈಸುಟ್ಟುಕೊಂಡಂತೆ. ಜೊತೆಯಾಗಿ ಬಂದದ್ದು ಜೊತೆಯಾಗಿಯೇ ಹೋಗಬೇಕು. ಹೊರಬಳೆ ಹೊಡೆಯುವಾಗ ಹಿತ್ತಾಳೆಯಂಥ ಮೆದು ಲೋಹದ ಸಲಾಕೆ ಇಟ್ಟು ಸುತ್ತಲೂ ಸಮನಾಗಿ ಹೊಡೆಯಬೇಕು. ಪೂರ್ತಿ ಕುಳಿತಾಗ ಸುತ್ತಿಗೆಯ ಸದ್ದೇ ಬದಲಾಗುತ್ತದೆ. ಅನುಭವಸ್ಥ ಮಿಸ್ತ್ರಿ ಅದನ್ನು ಕಿವಿಯಿಂದಲೇ ಹಿಡಿಯುತ್ತಾನೆ. ಹೆಸರಾಂತ ಕಂಪನಿಗಳ ನಕಲಿ ಪೆಟ್ಟಿಗೆಗಳೂ ಪೇಟೆಯಲ್ಲಿ ಓಡಾಡುವುದರಿಂದ ಅಧಿಕೃತ ಮಾರಾಟಗಾರರಿಂದ ಬಿಲ್ ಸಮೇತ ಕೊಳ್ಳಬೇಕು.

ದಾರಿಯಲ್ಲಿ ಕೈಕೊಟ್ಟರೆ

ದಾಂಡೇಲಿ ದಾಟಿದ ಮೇಲೆ ಉಳವಿಯ ದಾರಿಯಲ್ಲಿ ಕಾಡು, ಏರಿಳಿತ, ತಿರುವು. ಗ್ಯಾರೇಜು ಸಿಗುವುದು ಕಷ್ಟ, ಮೊಬೈಲ್ ಸಿಗ್ನಲ್ ಎಲ್ಲ ಕಡೆ ಇಲ್ಲ. ಹೀಗಾಗಿ ದೂರದ ಪಯಣಕ್ಕೆ ಹೊರಡುವವರ ಗಂಟಿನಲ್ಲಿ ಒಂದು ಗಾಲಿಗೆ ಬೇಕಾಗುವ ಒಳ-ಹೊರ ಬೇರಿಂಗ್ ಜೊತೆ, ಒಂದು ಸೀಲ್, ನಾಲ್ಕಾರು ಸ್ಪ್ಲಿಟ್ ಪಿನ್, ಗ್ರೀಸ್ ಡಬ್ಬಿ, ಪಾನಾ, ಸುತ್ತಿಗೆ, ಹೊರೆ ಎತ್ತುವ ಶಕ್ತಿಯ ಜಾಕ್, ಬ್ಯಾಟರಿ ಇರಬೇಕು. ಜಾಕಿನ ಅಡಿಗೆ ಇಡಲು ದಪ್ಪ ಹಲಗೆಯೂ ಬೇಕು. ಎರೆಭೂಮಿಯಲ್ಲಿ ಬರಿ ಜಾಕ್ ಇಟ್ಟರೆ ಟ್ರೇಲರ್ ಏಳುವ ಬದಲು ಜಾಕೇ ಇಳಿಯುತ್ತದೆ.

ಹಬ್ ಸುಡುತ್ತಿದ್ದರೆ ಮೊದಲು ರಸ್ತೆಯ ಬದಿಗೆ, ಸಮತಟ್ಟು ಜಾಗಕ್ಕೆ ಒಯ್ದು ನಿಲ್ಲಿಸಿ, ಉಳಿದ ಗಾಲಿಗಳಿಗೆ ಹಿಂದೆ ಮುಂದೆ ಕಲ್ಲು ಕೊಡಬೇಕು. ರಾತ್ರಿಯಾದರೆ ಹಿಂದಿನಿಂದ ಬರುವವರಿಗೆ ಕಾಣುವಂತೆ ದೀಪವೋ ಹೊಳೆಯುವ ತ್ರಿಕೋನವೋ ದೂರದಲ್ಲಿ ಇಡಬೇಕು. ಕಾದ ಹಬ್‌ಗೆ ತಂಪು ನೀರು ಸುರಿಯಬಾರದು: ಉಕ್ಕು ಸೀಳಬಹುದು, ನೀರು ಒಳಕ್ಕೂ ನುಗ್ಗುತ್ತದೆ. ತಾನಾಗಿ ಆರಲು ಬಿಡಬೇಕು. ಆರಿದ ಮೇಲೆ ಸಾಮಾನು ಇಳಿಸಿ, ಗಾಲಿ ಎತ್ತಿ, ಮುಚ್ಚಳ ತೆಗೆದು ನೋಡಬೇಕು. ಗ್ರೀಸ್ ಒಣಗಿದ್ದು ರೋಲರುಗಳು ನುಣುಪಾಗಿದ್ದರೆ ತೊಳೆದು, ತುಂಬಿ, ಹದ ಮಾಡಿ ನಿಧಾನವಾಗಿ ಹತ್ತಿರದ ಊರು ಸೇರಬಹುದು. ರೋಲರ್ ಪುಡಿಯಾಗಿದ್ದರೆ, ಅಚ್ಚು ಕೊರೆದಿದ್ದರೆ ಒಂದು ಮಾರೂ ಎಳೆಯಬಾರದು. ಜಾಕ್ ಮೇಲಿರುವ ಟ್ರೇಲರಿನ ಅಡಿಗೆ ಯಾರೂ ನುಸುಳಬಾರದು.

ಯಾವಾಗ ನೋಡಬೇಕು

ಅಮೆರಿಕದ ಪ್ರವಾಸಿ ಟ್ರೇಲರುಗಳಿಗೆ ಅಚ್ಚು ತಯಾರಕರು ಹೇಳುವ ಸಾಮಾನ್ಯ ಲೆಕ್ಕ ವರ್ಷಕ್ಕೊಮ್ಮೆ ಅಥವಾ 12,000 ಮೈಲಿಗೊಮ್ಮೆ, ಅಂದರೆ ಸುಮಾರು 19,000 ಕಿಲೋಮೀಟರಿಗೊಮ್ಮೆ, ಯಾವುದು ಮೊದಲೋ ಆಗ ಬೇರಿಂಗ್ ಬಿಚ್ಚಿ ಗ್ರೀಸ್ ಮಾಡಬೇಕು ಎಂಬುದು. ಅವು ಡಾಂಬರು ರಸ್ತೆಯ ಗಾಡಿಗಳು. ಹೊಲ, ಹಳ್ಳ, ಧೂಳಿನಲ್ಲಿ ದುಡಿಯುವ ಡಬ್ಬಿಗೆ ವರ್ಷಕ್ಕೊಮ್ಮೆ ಎನ್ನುವುದು ಕನಿಷ್ಠ. ನೀರಿನಲ್ಲಿ ಮುಳುಗಿ ಎದ್ದ ಹಬ್‌ಗೆ ಕೂಡಲೇ.

ದಿನ ಗೊತ್ತುಮಾಡಲು ಪಂಚಾಂಗವೇ ನೆರವಾಗುತ್ತದೆ. ಖಂಡೇನವಮಿಗೆ ಹೇಗೂ ಗಾಡಿ, ಯಂತ್ರ, ಆಯುಧ ತೊಳೆದು ಪೂಜೆ ಮಾಡುತ್ತಾರೆ. ಆಗ ಮಳೆಗಾಲ ಮುಗಿಯುತ್ತ ಬಂದಿರುತ್ತದೆ; ಸುಗ್ಗಿ, ಕಬ್ಬಿನ ಹಂಗಾಮು, ಉಳವಿ-ಎಲ್ಲಮ್ಮನ ಜಾತ್ರೆ ಎಲ್ಲ ಮುಂದಿರುತ್ತವೆ. ಟ್ರೇಲರಿನ ಹೊರಮೈಗೆ ನೀರು, ಹೂವು, ಕುಂಕುಮ ಏರುವ ಹಿಂದಿನ ದಿನ ಹಬ್ ಬಿಚ್ಚಿ, ಮಳೆಗಾಲದ ನೀರು ಕುಡಿದ ಗ್ರೀಸ್ ತೆಗೆದು, ಹೊಸ ಸೀಲ್, ಹೊಸ ಪಿನ್ ಹಾಕಿದರೆ ಪೂಜೆ ಒಳಗೂ ಮುಟ್ಟುತ್ತದೆ. ಸುಗ್ಗಿ ಮುಗಿದು ಜಾತ್ರೆಗೆ ಹೊರಡುವ ಮುನ್ನ ಗಾಲಿ ಎತ್ತಿ ಜಗ್ಗಿ ನೋಡುವುದು ಅರ್ಧ ತಾಸಿನ ಕೆಲಸ.

ಉಳವಿಯ ದಾರಿಯಲ್ಲಿ ಎತ್ತು ಬಿಚ್ಚಿ ವಸ್ತಿ ಮಾಡುವಲ್ಲಿ ಚಕ್ಕಡಿಯವನು ಮೊದಲು ಎತ್ತಿಗೆ ನೀರು ಕುಡಿಸುತ್ತಾನೆ, ಆಮೇಲೆ ಗಾಲಿಯ ಸುತ್ತ ಒಂದು ಸುತ್ತು ಬಂದು ಕಡಾಣಿ ಮುಟ್ಟಿ ನೋಡುತ್ತಾನೆ. ಅವನ ಪಕ್ಕದಲ್ಲೇ ಬಂದು ನಿಂತ ಟ್ರ್ಯಾಕ್ಟರಿನವನು ಎಂಜಿನ್ ಆರಿಸಿ, ಚಹಾಕ್ಕೆ ಕೂರುವ ಮುಂಚೆ, ತನ್ನ ನಾಲ್ಕು ಹಬ್‌ಗಳಿಗೂ ಮುಂಗೈ ಮುಟ್ಟಿಸಿ ಬಂದರೆ ಆಯಿತು; ಚಹಾ ಆರುವಷ್ಟೂ ಹೊತ್ತಾಗುವುದಿಲ್ಲ.